ಅಪ್ಪನ ಕಾಲಿಗೆ 6 ಎಂಎಂ ಗ್ರಾಫ್ಟ್ ಹಾಕಿದ್ದಾರೆ. 8 ಹಾಕಿದ್ದರೆ ರಕ್ತ ಜಾಸ್ತಿ ಹರಿಯುತ್ತಿರಲಿಲ್ವಾ?

ಹನಿನೀರು_ರಾಣೆಬೆನ್ನೂರು

ಎಲ್ಲರಿಗೂ ನಮಸ್ಕಾರ. ರಾಣೆಬೆನ್ನೂರಿನಲ್ಲಿ ನನ್ನದೊಂದು ಪೈಪು, ಡ್ರಿಪ್ಪು, ಪಂಪ್‌ಸೆಟ್ಟಿನ ಅಂಗಡಿ ಇದೆ. ಬೋರ್‌ವೆಲ್ ಎಷ್ಟು ಆಳ, ಹೊಲ ಎಷ್ಟು ದೂರ ಅಂತ ಕೇಳಿ, ಎಷ್ಟು ಇಂಚಿನ ಪೈಪ್ ಹಾಕಬೇಕು ಅಂತ ದಿನಾ ಹೇಳುವವನು ನಾನು. ಅದಕ್ಕೇ ಏನೋ, ಅಪ್ಪನ ಆಪರೇಷನ್ ಆದಾಗಿನಿಂದ ಒಂದು ಪ್ರಶ್ನೆ ತಲೆ ತಿನ್ನುತ್ತಿದೆ.

ಅಪ್ಪನಿಗೆ 67 ವರ್ಷ. ಶುಗರ್ ಇದೆ. ಬೀಡಿ ಎಷ್ಟು ವರ್ಷದಿಂದ ಸೇದುತ್ತಿದ್ದಾರೆ ಅಂತ ಅವರಿಗೇ ಲೆಕ್ಕ ಇಲ್ಲ. ಮೊದಮೊದಲು ಸ್ವಲ್ಪ ದೂರ ನಡೆದರೆ ಎಡಗಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು, ನಿಂತರೆ ಬಿಡುತ್ತಿತ್ತು. ವಯಸ್ಸಾಯ್ತು ಅಂದುಕೊಂಡು ಸುಮ್ಮನಿದ್ದೆವು. ಆಮೇಲೆ ರಾತ್ರಿ ಪಾದ ಉರಿಯೋಕೆ ಶುರುವಾಯಿತು. ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಮಾತ್ರ ನಿದ್ದೆ. ಕಿರುಬೆರಳಿನಲ್ಲಿ ಒಂದು ಹುಣ್ಣಾಗಿ ಅದು ಮಾಯಲೇ ಇಲ್ಲ. ಹುಬ್ಬಳ್ಳಿಯಲ್ಲಿ ಆಂಜಿಯೋ ಮಾಡಿಸಿದರೆ ತೊಡೆಯ ದೊಡ್ಡ ರಕ್ತನಾಳ ಪೂರ್ತಿ ಬಂದ್.

ಬಲೂನು, ಸ್ಟೆಂಟು ಆಗುವ ಹಾಗಿಲ್ಲ, ಬೈಪಾಸ್ ಮಾಡಬೇಕು ಅಂದರು. ಅವರದೇ ಕಾಲಿನ ವೇನ್ ತೆಗೆದು ಹಾಕುವುದು ಒಳ್ಳೆಯದಂತೆ. ಆದರೆ ಹಿಂದೆ ಹಾರ್ಟ್ ಬೈಪಾಸ್ ಆದಾಗ ಒಂದು ಕಾಲಿನದು ಖರ್ಚಾಗಿತ್ತು, ಇನ್ನೊಂದು ಕಾಲಿನದು ತೀರಾ ಸಣ್ಣ. ಹಾಗಾಗಿ ತೊಡೆಸಂದಿನಿಂದ ಮೊಣಕಾಲಿನ ಕೆಳಗಿನವರೆಗೆ ಪಿಟಿಎಫ್‌ಇ ಅನ್ನುವ ಪ್ಲಾಸ್ಟಿಕ್ಕಿನ ಟ್ಯೂಬ್ ಹಾಕಿದ್ದಾರೆ, ಇದಕ್ಕೇ ಗ್ರಾಫ್ಟ್ ಅನ್ನುವುದು. 6 ಎಂಎಂ, ಹೊರಗಡೆ ಉಂಗುರ ಉಂಗುರ ಇದೆ. ಹುಣ್ಣು ಮಾಯಿತು, ರಾತ್ರಿ ಉರಿ ಹೋಯಿತು. ಈಗ ಮನೆಯಿಂದ ಅಂಗಡಿಗೆ ತಾವೇ ನಡೆದು ಬರುತ್ತಾರೆ.

ನನ್ನ ಪ್ರಶ್ನೆ ಇದು. 6ರ ಬದಲು 8 ಎಂಎಂ ಯಾಕೆ ಹಾಕಲಿಲ್ಲ? ನಮ್ಮ ಲೈನಿನಲ್ಲಿ ಪೈಪ್ ಒಂದು ಸೈಜು ದೊಡ್ಡದಾದರೆ ಅಜಗಜಾಂತರ. ಸರ್ಜನ್ ಹತ್ತಿರ ಕೇಳಿದರೆ ನಕ್ಕು, "ಇದು ಬೋರ್‌ವೆಲ್ ಅಲ್ಲಪ್ಪಾ" ಅಂದರು. ಒಳ್ಳೆಯವರೇ, ಆದರೆ ಹೊರಗೆ ಅಷ್ಟು ಜನ ಕಾಯುತ್ತಿದ್ದರು, ಮತ್ತೆ ಕೇಳಲಿಲ್ಲ. ಇನ್ನೊಂದು ಮಾತು ಹೇಳಿದರು: ಮುಂದೆ ಬ್ಲಾಕ್ ಆದರೆ ಟ್ಯೂಬಿನ ಮಧ್ಯೆ ಅಲ್ಲ, ಕೆಳಗಿನ ಜಾಯಿಂಟಿನಲ್ಲೇ ಆಗುವುದು ಜಾಸ್ತಿ ಅಂತ. ಅಲ್ಲೇ ಯಾಕೆ?

ಮೊನ್ನೆ ಡಾಪ್ಲರ್, ಅಂದರೆ ರಕ್ತದ ವೇಗ ಅಳೆಯುವ ಸ್ಕ್ಯಾನ್, ಮಾಡಿಸಿದೆವು. ಗ್ರಾಫ್ಟಿನ ಮಧ್ಯೆ 62 ಸೆಂ.ಮೀ./ಸೆಕೆಂಡ್, ಕೆಳಗಿನ ಜಾಯಿಂಟಿನಲ್ಲಿ 180 ಅಂತ ಬರೆದಿದ್ದಾರೆ. ಎಬಿಐ 0.84. ಜಾಯಿಂಟಿನಲ್ಲಿ 180 ಇದೆ ಅಂದರೆ ಅಲ್ಲಿ ರಕ್ತ ಚೆನ್ನಾಗಿ ಹೋಗುತ್ತಿದೆ ಅಂತ ತಾನೇ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಮನೆಮದ್ದು_ಶಿರಸಿ

ಅಣ್ಣಾ, ಪೈಪಿನ ಲೆಕ್ಕ ಎಲ್ಲ ಬಿಡಿ. ಮತ್ತಿ ತೊಗಟೆ ಕಷಾಯ ದಿನಾ ಎರಡು ಹೊತ್ತು ಕೊಡಿ. ಬೆಳ್ಳುಳ್ಳಿ ಹಸಿಯಾಗಿ ನಾಲ್ಕು ಎಸಳು. ನಮ್ಮ ದೊಡ್ಡಪ್ಪನಿಗೆ ಬ್ಲಾಕ್ ಎಲ್ಲ ಕರಗಿ ಹೋಯಿತು.

ಡಾಪ್ಲರ್_ರೂಮ್

ಬೆಂಗಳೂರಿನಲ್ಲಿ ವ್ಯಾಸ್ಕ್ಯುಲರ್ ಲ್ಯಾಬಿನಲ್ಲಿ ಕೆಲಸ ನನ್ನದು. ಡಾಕ್ಟರ್ ಅಲ್ಲ, ಟೆಕ್ನಾಲಜಿಸ್ಟ್. ಕತ್ತಲೆ ರೂಮು, ತಣ್ಣನೆಯ ಜೆಲ್, ಇಡೀ ದಿನ ಬೇರೆಯವರ ಕಾಲಿನ ಸದ್ದು ಕೇಳುತ್ತಾ ಕೂರುವುದು. ನಿಮ್ಮ ಅಪ್ಪನಂಥವರು ವಾರಕ್ಕೆ ಎಷ್ಟೋ ಜನ ಬರುತ್ತಾರೆ.

ಮೊದಲು ಶಿರಸಿಯವರಿಗೆ: ಬೈಪಾಸ್ ಆದವರು ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿರುತ್ತಾರೆ. ಅದರ ಮೇಲೆ ಯಾವ ಕಷಾಯ ಕೊಡುವುದಿದ್ದರೂ ಅವರ ಡಾಕ್ಟರಿಗೆ ಹೇಳಿಯೇ ಕೊಡಬೇಕು. ಕಷಾಯಕ್ಕೆ ಕರಗುವ ಬ್ಲಾಕನ್ನು ನಾನಂತೂ ಪ್ರೋಬ್ ಕೆಳಗೆ ಇನ್ನೂ ನೋಡಿಲ್ಲ.

ಈಗ ರಾಣೆಬೆನ್ನೂರಿನವರಿಗೆ. ನೀವು ಹೇಳುವ ಪೈಪಿನ ನಿಯಮ ಸರಿಯಾಗಿಯೇ ಇದೆ. ಅದನ್ನು ಅಳೆದು ಕಂಡುಹಿಡಿದದ್ದೇ ಒಬ್ಬ ಡಾಕ್ಟರು, ಫ್ರಾನ್ಸಿನ ಪ್ವಾಜೇ, 1840ರ ಆಸುಪಾಸಿನಲ್ಲಿ. ಅವನಿಗೆ ಬೇಕಾಗಿದ್ದು ರಕ್ತದ ಲೆಕ್ಕ, ಅದಕ್ಕಾಗಿ ಗಾಜಿನ ಸಣ್ಣ ಕೊಳವೆಗಳಲ್ಲಿ ನೀರು ಹರಿಸಿ ನೋಡಿದ. ಅಡ್ಡಳತೆ ಎರಡು ಪಟ್ಟಾದರೆ ಅದೇ ಒತ್ತಡಕ್ಕೆ ಹರಿವು 16 ಪಟ್ಟು. 6ರಿಂದ 8ಕ್ಕೆ ಹೋದರೆ ಮೂರು ಪಟ್ಟಿಗಿಂತ ಜಾಸ್ತಿ. ಇಷ್ಟು ಓದಿದರೆ ಸರ್ಜನ್ ಜುಗ್ಗತನ ಮಾಡಿದರು ಅನ್ನಿಸಬೇಕು, ಅಲ್ವಾ?

ಆದರೆ ಒಂದು ಮಾತು ಹೇಳಿ. ನಿಮ್ಮ ಡ್ರಿಪ್‌ನಲ್ಲಿ ಗಿಡಕ್ಕೆ ಎಷ್ಟು ನೀರು ಹೋಗಬೇಕು ಅಂತ ತೀರ್ಮಾನ ಮಾಡುವುದು ಮೇನ್ ಲೈನೋ, ಡ್ರಿಪ್ಪರೋ? 63 ಎಂಎಂ ಮೇನ್ ಕಿತ್ತು 75 ಹಾಕಿದರೆ ಗಂಟೆಗೆ 4 ಲೀಟರಿನ ಡ್ರಿಪ್ಪರು 12 ಲೀಟರ್ ಬಿಡುತ್ತದಾ? ಕಾಲಿನಲ್ಲೂ ಹಾಗೇ. ಒತ್ತಡವೆಲ್ಲ ಖರ್ಚಾಗುವುದು ಮೀನಖಂಡ, ಪಾದದ ಒಳಗಿನ ಕೂದಲಿಗಿಂತ ಸಣ್ಣ ನಾಳಗಳಲ್ಲಿ.

ಲೆಕ್ಕ ಹಾಕಿಯೇ ನೋಡಿ. ಸುಮ್ಮನೆ ಕೂತಾಗ ಗ್ರಾಫ್ಟಿನಲ್ಲಿ ನಿಮಿಷಕ್ಕೆ 200 ಎಂ.ಎಲ್. ಹೋಗುತ್ತಿದೆ ಎಂದಿಟ್ಟುಕೊಳ್ಳಿ. ಟ್ಯೂಬ್ 50 ಸೆಂ.ಮೀ. ಉದ್ದ. ರಕ್ತ ನೀರಿಗಿಂತ ನಾಲ್ಕೈದು ಪಟ್ಟು ಮಂದ. 6 ಎಂಎಂ ಟ್ಯೂಬಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಕಳೆದುಹೋಗುವ ಒತ್ತಡ ಸುಮಾರು 1.4 ಎಂಎಂ ಪಾದರಸ. 8 ಹಾಕಿದ್ದರೆ 0.4. ಉಳಿತಾಯ ಆಗಿದ್ದು 1 ಎಂಎಂ. ಅಪ್ಪನ ಸರಾಸರಿ ಬಿಪಿ 90-100 ಇರುತ್ತದೆ. ಅದರಲ್ಲಿ 1 ಎಂಎಂ ಉಳಿಸಿ ಏನು ಬಂತು? ನಡೆಯುವಾಗ ಹರಿವು ಮೂರು ಪಟ್ಟಾದರೂ ಈ ನಷ್ಟ 4ರ ಹತ್ತಿರ ಬರುತ್ತದೆ ಅಷ್ಟೇ. ಎದೆಬಡಿತದ ಏರಿಳಿತ ಸೇರಿಸಿದರೆ ಅಂಕಿ ಸ್ವಲ್ಪ ಬದಲಾಗುತ್ತದೆ, ತೀರ್ಪು ಬದಲಾಗುವುದಿಲ್ಲ.

ಇನ್ನು 8 ಹಾಕಿದರೆ ಆಗುವ ನಷ್ಟ. ಹರಿಯುವ ರಕ್ತ ಅಷ್ಟೇ ಇರುತ್ತದೆ, ಪೈಪ್ ಅಗಲ. ಹಾಗಾದರೆ ವೇಗ ಇಳಿಯಲೇಬೇಕು. 6ರಲ್ಲಿ ಸರಾಸರಿ ವೇಗ ಸೆಕೆಂಡಿಗೆ 12 ಸೆಂ.ಮೀ. ಇದ್ದರೆ 8ರಲ್ಲಿ 7ಕ್ಕಿಂತ ಕಡಿಮೆ. ಪ್ಲಾಸ್ಟಿಕ್ ಗೋಡೆ ಪಕ್ಕ ರಕ್ತ ತೆವಳುತ್ತಾ ಹೋದರೆ ಹೆಪ್ಪುಗಟ್ಟುತ್ತದೆ. ನಮ್ಮದೇ ನಾಳದ ಒಳಗೋಡೆಯಲ್ಲಿ ಜೀವಕೋಶಗಳ ಒಂದು ಪದರ ಇರುತ್ತದೆ, ರಕ್ತ ಹೆಪ್ಪಾಗದ ಹಾಗೆ ಅದು ನೋಡಿಕೊಳ್ಳುತ್ತದೆ. ಟ್ಯೂಬಿನಲ್ಲಿ ಆ ಪದರ ಇಲ್ಲ. ಎರಡೂ ತುದಿಯಿಂದ ಒಂದೆರಡು ಸೆಂ.ಮೀ. ಒಳಗೆ ಬೆಳೆದು ಬರುತ್ತದೆ, ಮನುಷ್ಯರಲ್ಲಿ ಅಲ್ಲಿಗೆ ನಿಂತುಬಿಡುತ್ತದೆ. ಹಾಗಾಗಿ ಕೃತಕ ಟ್ಯೂಬ್ ತೆರೆದೇ ಇರಬೇಕಾದರೆ ಒಂದು ಕನಿಷ್ಠ ವೇಗ ಬೇಕು. ವೇನ್ ಗ್ರಾಫ್ಟು ಇದಕ್ಕಿಂತ ನಿಧಾನವಾದ ಹರಿವನ್ನೂ ತಡೆದುಕೊಳ್ಳುತ್ತದೆ.

ನಿಮ್ಮ ರಿಪೋರ್ಟು. ಮಧ್ಯದ 62 ಅನ್ನುವುದು ಪ್ರತಿ ಬಡಿತದ ತುದಿಯ ವೇಗ, ಸರಾಸರಿ ಅಲ್ಲ. ಅದು 40-45ಕ್ಕಿಂತ ಕೆಳಗೆ ಇಳಿದರೆ ನನ್ನ ಕಿವಿ ನೆಟ್ಟಗಾಗುತ್ತದೆ. 62ಕ್ಕೆ ತೊಂದರೆ ಇಲ್ಲ.

ಜಾಯಿಂಟಿನ 180 ಮಾತ್ರ ನೀವು ಅಂದುಕೊಂಡ ಹಾಗಲ್ಲ. ಅಲ್ಲಿ ರಕ್ತ ಜಾಸ್ತಿ ಹೋಗುತ್ತಿಲ್ಲ, ಇಕ್ಕಟ್ಟಿನಲ್ಲಿ ಹೋಗುತ್ತಿದೆ. ಜಾಗ ಕಡಿಮೆಯಾದಾಗ ವೇಗ ಏರುತ್ತದೆ. 180ನ್ನು 62ರಿಂದ ಭಾಗಿಸಿದರೆ 2.9. ಈ ರೇಷಿಯೋ 3.5 ದಾಟಿ, ವೇಗವೂ 300 ದಾಟಿದರೆ ಸರ್ಜನ್‌ಗೆ ಅವತ್ತೇ ಫೋನ್ ಹೋಗುತ್ತದೆ. 2ರೊಳಗಿದ್ದರೆ ನಿಶ್ಚಿಂತೆ. ನೀವು ನಡುವೆ ಇದ್ದೀರಿ.

ಆದರೆ ಗಾಬರಿ ಬೀಳುವ ಮೊದಲು ಇನ್ನೊಂದು ಲೆಕ್ಕ ಇದೆ. ಮೊಣಕಾಲಿನ ಕೆಳಗಿನ ನಾಳ ಹುಟ್ಟಾ 4-5 ಎಂಎಂ. 6 ಎಂಎಂ ಟ್ಯೂಬಿನಿಂದ 4 ಎಂಎಂ ನಾಳಕ್ಕೆ ರಕ್ತ ಇಳಿದರೆ, ಯಾವ ಕೊಬ್ಬು, ಯಾವ ಗಾಯ ಇಲ್ಲದಿದ್ದರೂ ವೇಗ 2.25 ಪಟ್ಟು ಆಗುತ್ತದೆ. 62 ಸೀದಾ 140 ಆಯಿತು! ಉಳಿದದ್ದು ಮಾತ್ರ ಅನುಮಾನದ್ದು. 8 ಎಂಎಂ ಹಾಕಿದ್ದರೆ ಈ ಇಕ್ಕಟ್ಟು ನಾಲ್ಕು ಪಟ್ಟಿನದಾಗುತ್ತಿತ್ತು. ಅದಕ್ಕೇ ಇಂಥ ಕಡೆ ಒಂದೇ ಸಲದ ಅಂಕಿಗಿಂತ, ಹೋದ ಸಲಕ್ಕೂ ಈ ಸಲಕ್ಕೂ ಎಷ್ಟು ಏರಿದೆ ಅನ್ನುವುದು ಮುಖ್ಯ.

ಎಬಿಐ ಬಗ್ಗೆ ಒಂದು ಎಚ್ಚರಿಕೆ. ಕಾಲಿನ ಬಿಪಿಯನ್ನು ಕೈ ಬಿಪಿಯಿಂದ ಭಾಗಿಸಿದ್ದೇ ಎಬಿಐ. 0.9ರ ಮೇಲೆ ಇರಬೇಕು, 0.84 ಕೆಟ್ಟದ್ದೇನಲ್ಲ. ಆದರೆ ಶುಗರ್ ಇರುವವರ ನಾಳಗಳಲ್ಲಿ ಸುಣ್ಣ ಕಟ್ಟಿ ಗಟ್ಟಿಯಾಗಿರುತ್ತದೆ, ಪಟ್ಟಿ ಎಷ್ಟು ಬಿಗಿದರೂ ಅಮುಕುವುದಿಲ್ಲ, ಅಂಕಿ ಸುಳ್ಳಾಗಿ ಜಾಸ್ತಿ ಬರುತ್ತದೆ. ಕಾಲ್ಬೆರಳಿನ ಒತ್ತಡ ಅಳೆಯುವ ಸೌಲಭ್ಯ ಇದ್ದರೆ ಅದನ್ನೂ ಕೇಳಿ.

ಜಾಯಿಂಟಿನಲ್ಲೇ ಯಾಕೆ ಅನ್ನುವುದನ್ನು ಲೆಕ್ಕದವರು ಯಾರಾದರೂ ಹೇಳಲಿ. ನಾನು ಅಲ್ಲಿ ಬಣ್ಣ ನೋಡುತ್ತೇನೆ ಅಷ್ಟೇ. ಟ್ಯೂಬಿನ ಉದ್ದಕ್ಕೂ ಒಂದೇ ಕೆಂಪು, ಜಾಯಿಂಟಿಗೆ ಬಂದ ಕೂಡಲೇ ಕೆಂಪು, ನೀಲಿ, ಹಳದಿ ಎಲ್ಲ ಕಲಸಿಕೊಳ್ಳುತ್ತದೆ.

ಸುಳಿ_ಲೆಕ್ಕ

ಕರೆದ ಹಾಗಾಯಿತು. ಸುರತ್ಕಲ್ಲಿನಲ್ಲಿ ಎಂಟೆಕ್ ಮಾಡುವಾಗ ನನ್ನ ಪ್ರಾಜೆಕ್ಟೇ ಇದು. ಕಂಪ್ಯೂಟರಿನಲ್ಲಿ ಗ್ರಾಫ್ಟಿನ ಜಾಯಿಂಟ್ ಕಟ್ಟಿ, ರಕ್ತ ಹರಿಸಿ, ಸುಳಿ ಎಲ್ಲೆಲ್ಲಿ ಏಳುತ್ತದೆ ಅಂತ ನೋಡುವುದು. ಈಗ ಪುಣೆಯಲ್ಲಿ ಕಾರಿನ ರೇಡಿಯೇಟರಿಗೆ ಅದೇ ಕೆಲಸ ಮಾಡುತ್ತೇನೆ. ರಕ್ತದ್ದೇ ಚೆನ್ನಾಗಿತ್ತು.

ಎಲ್ಲರೂ ಮೊದಲು ಹೇಳುವುದು "ಜಾಯಿಂಟಿನಲ್ಲಿ ಟರ್ಬುಲೆನ್ಸ್ ಆಗುತ್ತದೆ" ಅಂತ. ಇಲ್ಲಿ ಅದು ಕಾರಣ ಅಲ್ಲ. ಹರಿವು ಕದಡಿದೆಯೋ ಇಲ್ಲವೋ ನೋಡಲು ರೆನಾಲ್ಡ್ಸ್ ನಂಬರ್ ಅಂತ ಇದೆ. ನೇರ ಪೈಪಿನಲ್ಲಿ ಅದು 2,000 ದಾಟಿದ ಮೇಲೆ ಕದಡಲು ಶುರು. ಮೇಡಂ ಕೊಟ್ಟ ಅಂಕಿ ಹಾಕಿದರೆ ಅಪ್ಪನ ಗ್ರಾಫ್ಟಿನಲ್ಲಿ ಸರಾಸರಿ 200ರ ಹತ್ತಿರ, ಬಡಿತದ ತುದಿಯಲ್ಲಿ ಸುಮಾರು 1,100. ಟ್ಯೂಬಿನ ಒಳಗೆ ರಕ್ತ ಪದರ ಪದರವಾಗಿ ನೀಟಾಗಿ ಹೋಗುತ್ತಿದೆ.

ತೊಂದರೆ ಜಾಯಿಂಟಿನ ಆಕಾರದ್ದು. ಅಲ್ಲಿ ಎರಡು ಪೈಪಿನ ತುದಿಗೆ ತುದಿ ಕೂಡಿಸಿರುವುದಿಲ್ಲ. ಟ್ಯೂಬಿನ ತುದಿಯನ್ನು ಓರೆಯಾಗಿ ಕತ್ತರಿಸಿ, ನಾಳದ ಪಕ್ಕದಲ್ಲಿ ಸೀಳು ಮಾಡಿ, ಅಲ್ಲಿಗೆ ಹೊಲಿದಿರುತ್ತಾರೆ. ಓರೆಯಲ್ಲಿ ಬಂದ ರಕ್ತ ಎದುರಿನ ಗೋಡೆಗೆ ಹೋಗಿ ಬಡಿಯುತ್ತದೆ. ಬಡಿದ ಜಾಗದಿಂದ ಜಾಸ್ತಿ ಪಾಲು ಕೆಳಗೆ ಪಾದದ ಕಡೆ ಹೋಗುತ್ತದೆ. ಸ್ವಲ್ಪ ಮೇಲಕ್ಕೆ, ಹಳೆಯ ಬ್ಲಾಕ್ ಆದ ನಾಳದ ಕಡೆ ನುಗ್ಗಿ, ದಾರಿ ಸಿಗದೆ ಅಲ್ಲೇ ಸುತ್ತುತ್ತದೆ. ರಕ್ತ ಬಡಿಯುವ ಜಾಗ ಒಂದೇ ಕಡೆ ನಿಲ್ಲುವುದೂ ಇಲ್ಲ. ಪ್ರತಿ ಬಡಿತಕ್ಕೂ ಒಂದಿಷ್ಟು ಮುಂದೆ, ಒಂದಿಷ್ಟು ಹಿಂದೆ ಜಾರುತ್ತದೆ. ಆ ಗೋಡೆಯ ಜೀವಕೋಶದ ಮೇಲೆ ರಕ್ತ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಉಜ್ಜುತ್ತದೆ.

ಉಜ್ಜುವ ಬಲಕ್ಕೆ ವಾಲ್ ಶಿಯರ್ ಅನ್ನುತ್ತಾರೆ. ಆರೋಗ್ಯವಾಗಿರುವ ನಾಳಕ್ಕೆ 1.5 ಪ್ಯಾಸ್ಕಲ್ ಮತ್ತು ಮೇಲೆ ಇದ್ದರೆ ಖುಷಿ. 0.4ಕ್ಕಿಂತ ಕೆಳಗೆ ಇಳಿದರೆ, ಅಥವಾ ದಿಕ್ಕು ಬದಲಾಗುತ್ತಲೇ ಇದ್ದರೆ, ಗೋಡೆ ದಪ್ಪವಾಗೋಕೆ ಶುರುವಾಗುತ್ತದೆ. ಹರಿವು ಅಷ್ಟೇ ಇದ್ದು ಅಡ್ಡಳತೆ ಹೆಚ್ಚಿದರೆ, ಶಿಯರ್ ಅದರ ಘನದ ಲೆಕ್ಕದಲ್ಲಿ ಇಳಿಯುತ್ತದೆ. 200 ಎಂ.ಎಲ್. ಹರಿವಿಗೆ 6 ಎಂಎಂ ಟ್ಯೂಬಿನಲ್ಲಿ ನನ್ನ ಲೆಕ್ಕಕ್ಕೆ 0.55 ಬರುತ್ತದೆ, 8ರಲ್ಲಿ 0.23. ನಿಮ್ಮ ಸರ್ಜನ್ ನಕ್ಕಿದ್ದಕ್ಕೆ ಇದೂ ಒಂದು ಕಾರಣ ಇರಬಹುದು.

1992ರಲ್ಲಿ ಶಿಕಾಗೋದವರು ನಾಯಿಗಳಲ್ಲಿ ಪಿಟಿಎಫ್‌ಇಯನ್ನೂ ವೇನನ್ನೂ ಹಾಕಿ, ಜಾಯಿಂಟ್ ಬಿಚ್ಚಿ ನೋಡಿದರು. ದಪ್ಪಗಾಗುವ ಜಾಗ ಎರಡು ಬೇರೆ ಬೇರೆ ಅಂತ ಸಿಕ್ಕಿತು. ಎದುರಿನ ಗೋಡೆ ದಪ್ಪವಾಗುವುದು ಈ ಹರಿವಿನಿಂದ, ಅದು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಹೊಲಿಗೆಯ ಸುತ್ತ ದಪ್ಪವಾಗುವುದು ಪಿಟಿಎಫ್‌ಇಯಲ್ಲಿ ಜಾಸ್ತಿ. ನಾಳ ಪ್ರತಿ ಬಡಿತಕ್ಕೂ ಸ್ವಲ್ಪ ಹಿಗ್ಗಿ ಕುಗ್ಗುತ್ತದೆ, ಟ್ಯೂಬು ಜಗ್ಗುವುದಿಲ್ಲ. ಎರಡರ ಎಳೆದಾಟ ಬೀಳುವುದು ಆ ಹೊಲಿಗೆಯ ಗೆರೆ ಮೇಲೆ. ಹಾಗಾಗಿ "ಎಲ್ಲ ಹರಿವಿನದೇ ತಪ್ಪು" ಅನ್ನುವ ನಮ್ಮಂಥ ಇಂಜಿನಿಯರುಗಳ ಮಾತನ್ನು ಅರ್ಧ ನಂಬಿ.

ಇದನ್ನು ಸರಿಮಾಡಲು ಜನ ಏನೇನೋ ಮಾಡಿದ್ದಾರೆ. 1984ರಲ್ಲಿ ಆಸ್ಟ್ರೇಲಿಯಾದ ಮಿಲ್ಲರ್ ಅನ್ನುವ ಸರ್ಜನ್, ಟ್ಯೂಬಿನ ತುದಿಗೂ ನಾಳಕ್ಕೂ ಮಧ್ಯೆ ವೇನಿನ ಒಂದು ಪಟ್ಟಿಯನ್ನು ಕಾಲರಿನ ಹಾಗೆ ಹೊಲಿದ. ಸಿಮ್ಯುಲೇಷನ್‌ನಲ್ಲಿ ಇದು ನೋಡೋಕೆ ಎಷ್ಟು ಚೆಂದ ಅಂದರೆ, ಕಾಲರಿನ ಒಳಗೆ ಒಂದು ದೊಡ್ಡ ಸುಳಿ ಎದ್ದು ಗೋಡೆಯನ್ನೆಲ್ಲ ತೊಳೆಯುತ್ತದೆ. 1997ರ ಬ್ರಿಟನ್ನಿನ ಟ್ರಯಲ್‌ನಲ್ಲಿ ಮೊಣಕಾಲಿನ ಕೆಳಗಿನ ಗ್ರಾಫ್ಟುಗಳಲ್ಲಿ ಎರಡು ವರ್ಷದ ನಂತರ ತೆರೆದಿದ್ದವು ಕಾಲರ್ ಇದ್ದವರಲ್ಲಿ 52%, ಇಲ್ಲದವರಲ್ಲಿ 29%. ಎಲ್ಲರಿಗೂ ಸಂಭ್ರಮ. ಆಮೇಲೆ 2010ರಲ್ಲಿ ಸ್ಕ್ಯಾಂಡಿನೇವಿಯಾದ ಟ್ರಯಲ್ ಬಂತು, ಏನೂ ಲಾಭ ಕಾಣಲಿಲ್ಲ. ನನ್ನ ಗೈಡ್ ಆ ಪೇಪರನ್ನು ನನ್ನ ಟೇಬಲ್ ಮೇಲೆ ಇಟ್ಟು ಏನೂ ಮಾತಾಡದೆ ಹೋದರು.

ಸ್ಕಾಟ್ಲೆಂಡಿನ ಡಂಡೀ ಕಡೆಯವರದು ಇನ್ನೊಂದು ದಾರಿ. ರಕ್ತ ನಾಳದಲ್ಲಿ ನೇರವಾಗಿ ಹೋಗುವುದಿಲ್ಲ, ತಿರುಪಿನ ಹಾಗೆ ಸುತ್ತುತ್ತಾ ಹೋಗುತ್ತದೆ ಅಂತ 1991ರಲ್ಲಿ ಬರೆದರು. ಆಮೇಲೆ ಅದೇ ಸುತ್ತನ್ನು ಕೊಡುವ ಗ್ರಾಫ್ಟ್ ಕೂಡ ಮಾಡಿದರು. ಐಡಿಯಾ ನನಗೆ ಇಷ್ಟ. ಆದರೆ ಕಂಪ್ಯೂಟರಿನಲ್ಲಿ ಗೆದ್ದಿದ್ದು ಕಾಲಿನಲ್ಲಿ ಗೆಲ್ಲುತ್ತದೆ ಅಂತ ನಾನೀಗ ಬಾಜಿ ಕಟ್ಟುವುದಿಲ್ಲ.

ಟೈಲರ್_ಮಂಡಿಮೊಹಲ್ಲ

ಲೆಕ್ಕ ನನಗೆ ಅರ್ಥ ಆಗಲ್ಲ ಸ್ವಾಮಿ, ಹೊಲಿಗೆ ಅಂದರು ನೋಡಿ, ಅದಕ್ಕೆ ಬಂದೆ. ನಾನು ಮೈಸೂರಿನಲ್ಲಿ ಟೈಲರ್. ನನ್ನ ಹೊಟ್ಟೆಯೊಳಗೆ ಒಂದು ಪ್ಯಾಂಟಿದೆ! ಸೊಂಟದ ಹತ್ತಿರ ದೊಡ್ಡ ನಾಳ ಎರಡಾಗಿ ಒಡೆಯುವ ಕಡೆ ಬ್ಲಾಕ್ ಆಗಿ, ಡಾಕ್ರಾನ್ ವೈ ಗ್ರಾಫ್ಟ್ ಹಾಕಿದ್ದಾರೆ. ಮೇಲೆ 16, ಕೆಳಗೆ ಎರಡು ಕಾಲಿಗೂ 8 ಎಂಎಂ. ಡಾಕ್ರಾನ್ ಅಂದರೆ ಪಾಲಿಯೆಸ್ಟರ್. ಜೀವಮಾನವಿಡೀ ನಾನು ಹೊಲಿದ ಟೆರಿಕಾಟ್ ಬಟ್ಟೆಯಲ್ಲಿ ಇದ್ದಿದ್ದೂ ಅದೇ.

ಇದನ್ನು ಮಾಡಿದ್ದು ಅಮೆರಿಕದ ಹ್ಯೂಸ್ಟನ್ನಿನ ಡಿಬೇಕಿ ಅನ್ನುವ ಸರ್ಜನ್. 1950ರ ದಶಕದಲ್ಲಿ ಅಂಗಡಿಗೆ ನೈಲಾನ್ ತರಲು ಹೋದರಂತೆ, ನೈಲಾನ್ ಖಾಲಿ, ಡಾಕ್ರಾನ್ ಅಂತ ಹೊಸದು ಬಂದಿದೆ ಅಂದರಂತೆ. ಒಂದಷ್ಟು ತಂದು ಹೆಂಡತಿಯ ಮಿಷನ್ನಿನಲ್ಲಿ ತಾವೇ ಕೊಳವೆ ಹೊಲಿದರು. ಹೊಲಿಗೆ ಕಲಿಸಿದ್ದು ಅವರ ಅಮ್ಮ. 2006ರಲ್ಲಿ, 97ನೇ ವಯಸ್ಸಿನಲ್ಲಿ, ಅವರದೇ ಮಹಾಪಧಮನಿ ಕೆಟ್ಟಾಗ ಅವರಿಗೂ ಡಾಕ್ರಾನನ್ನೇ ಹಾಕಿದರು. ಮತ್ತೆ ಎರಡು ವರ್ಷ ಬದುಕಿದರು.

ನನ್ನ ಸರ್ಜನ್ ಸ್ಯಾಂಪಲ್ ತೋರಿಸಿದ್ದರು. ಬಗ್ಗಿಸಿದರೆ ಮಡಚಿಕೊಳ್ಳಬಾರದು ಅಂತ ಉದ್ದಕ್ಕೂ ನೆರಿಗೆ ಹಿಡಿದಿದ್ದಾರೆ. ನೇಯ್ದದ್ದೂ ಬರುತ್ತದೆ, ಹೆಣೆದದ್ದೂ ಬರುತ್ತದೆ. ಹೆಣೆದದ್ದು ಮೆತ್ತಗೆ, ಹೊಲಿಯೋಕೆ ಸಲೀಸು, ಆದರೆ ರಕ್ತ ಸೋರುತ್ತದೆ. ಮೊದಲೆಲ್ಲ ಪೇಷಂಟಿನದೇ ರಕ್ತದಲ್ಲಿ ನೆನೆಸಿ ತೂತು ಮುಚ್ಚಿಸಿ ಹಾಕುತ್ತಿದ್ದರಂತೆ. ಈಗ ಕೊಲಾಜೆನ್ನೋ ಜೆಲಟಿನ್ನೋ ಬಳಿದೇ ಬರುತ್ತದೆ.

ನನ್ನದು ಹಾಕಿ ಬಹಳ ವರ್ಷ ಆಯಿತು, ಏನೂ ಆಗಿಲ್ಲ. ರಾಣೆಬೆನ್ನೂರಿನವರೇ, ಧೈರ್ಯವಾಗಿರಿ.

ಡಾಪ್ಲರ್_ರೂಮ್

ಟೈಲರ್ ಸರ್ ಗ್ರಾಫ್ಟ್ ಚೆನ್ನಾಗಿರುವುದು ಸಂತೋಷ. ಆದರೆ ಅದರಿಂದ ರಾಣೆಬೆನ್ನೂರಿಗೆ ಧೈರ್ಯ ಹೇಳೋಕೆ ಬರುವುದಿಲ್ಲ. ನಿಮ್ಮದು ದೊಡ್ಡ ನಾಳ. ಅಲ್ಲಿ ರಕ್ತ ಭರದಿಂದ ಹೋಗುತ್ತದೆ, ಹೆಪ್ಪುಗಟ್ಟಲು ಪುರುಸೊತ್ತು ಕೊಡುವುದಿಲ್ಲ. ವೈ ಗ್ರಾಫ್ಟುಗಳು ಐದು ವರ್ಷಕ್ಕೆ 85-90% ತೆರೆದೇ ಇರುತ್ತವೆ. ಕೃತಕ ಟ್ಯೂಬ್ ಕೆಳಗೆ ಇಳಿದಷ್ಟೂ, ಸಣ್ಣ ನಾಳಕ್ಕೆ ಹೋದಷ್ಟೂ ಆಯಸ್ಸು ಕಡಿಮೆ. 6 ಎಂಎಂಗಿಂತ ಸಣ್ಣದರಲ್ಲಿ ಇದುವರೆಗೆ ಸರಿಯಾದ ಕೃತಕ ಟ್ಯೂಬ್ ಯಾರೂ ಮಾಡಿಲ್ಲ ಅಂತಲೇ ಹೇಳಬೇಕು. ಹೃದಯದ ಬೈಪಾಸಿಗೆ ಕಾಲಿನ ವೇನ್, ಎದೆಯ ನಾಳ ಹುಡುಕುವುದು ಅದಕ್ಕೇ.

ಹನಿನೀರು_ರಾಣೆಬೆನ್ನೂರು

ಮೇಡಂ, ಡ್ರಿಪ್ಪರಿನ ಮಾತು ಹೇಳಿದ ಕೂಡಲೇ ತಲೆಗೆ ಹೋಯಿತು. ಅಂಗಡಿಗೆ ಬಂದವರಿಗೆ ನಾನೇ ದಿನಾ ಹೇಳುವ ಮಾತು ಅದು! ಸುಳಿ ಸರ್, ನಿಮ್ಮದನ್ನು ಎರಡು ಸಲ ಓದಿದೆ. ಟಿ ಜಾಯಿಂಟಿನ ಒಳಗೆ ಕೆಸರು ಕೂರುವ ಜಾಗ ನೆನಪಾಯಿತು.

ಇನ್ನು ಸ್ವಲ್ಪ ಕೇಳುತ್ತೇನೆ, ಬೇಜಾರಾಗಬೇಡಿ. ಕೆಳಗೆ ಇಳಿದಷ್ಟೂ ಆಯಸ್ಸು ಕಡಿಮೆ ಅಂದಿರಿ. ಎಷ್ಟು ಅಂತ ಮುಚ್ಚಿಡದೆ ಹೇಳಿ. ಅಪ್ಪ ಊಟಕ್ಕೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಯೇ ಕೂರುವುದು, ಕುರ್ಚಿ ಮೇಲೆ ಕೂತರೆ ಊಟ ಸೇರುವುದಿಲ್ಲ ಅನ್ನುತ್ತಾರೆ. ಟ್ಯೂಬ್ ಮಡಚಿಕೊಳ್ಳುತ್ತದಾ? ಮತ್ತೆ ಬೀಡಿ. ದಿನಕ್ಕೆ ಎರಡೇ ಅನ್ನುತ್ತಾರೆ. ಎರಡು ಅಂದರೆ ಎಷ್ಟು ಅಂತ ಅಮ್ಮನಿಗೆ ಗೊತ್ತು.

ಡಾಪ್ಲರ್_ರೂಮ್

ಮುಚ್ಚಿಡದೆ ಹೇಳುತ್ತೇನೆ. 1986ರಲ್ಲಿ ಅಮೆರಿಕದಲ್ಲಿ ಹಲವು ಆಸ್ಪತ್ರೆ ಸೇರಿ ಮಾಡಿದ ಹೋಲಿಕೆ ಇದೆ. ಮೊಣಕಾಲಿನ ನಾಳಕ್ಕೆ ಜೋಡಿಸಿದ ಬೈಪಾಸುಗಳಲ್ಲಿ ನಾಲ್ಕು ವರ್ಷಕ್ಕೆ ತೆರೆದಿದ್ದವು ವೇನ್ ಆದರೆ 68%, ಪಿಟಿಎಫ್‌ಇ ಆದರೆ 47%. ಅದಕ್ಕೂ ಕೆಳಗೆ, ಕಣಕಾಲಿನ ಸಣ್ಣ ನಾಳಗಳಿಗೆ ಜೋಡಿಸಿದರೆ ವೇನ್ 49%, ಪಿಟಿಎಫ್‌ಇ 12%. ಹಳೆಯ ಅಂಕಿ, ಈಗ ಔಷಧಿ ಸುಧಾರಿಸಿದೆ, ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಹೆಪಾರಿನ್ ಔಷಧಿ ಲೇಪಿಸಿದ ಟ್ಯೂಬುಗಳು ಬಂದಿವೆ. ಆದರೂ ವೇನ್ ಮೊದಲು, ಟ್ಯೂಬ್ ಆಮೇಲೆ ಅನ್ನುವ ಸಾಲು ಬದಲಾಗಿಲ್ಲ. ಅಪ್ಪನಿಗೆ ವೇನ್ ಇರಲಿಲ್ಲ. ಇದ್ದ ದಾರಿಯಲ್ಲಿ ಸರಿಯಾದ್ದನ್ನೇ ಮಾಡಿದ್ದಾರೆ. ಟ್ಯೂಬ್ ಮುಂದೆ ಮುಚ್ಚಿದರೂ, ಹುಣ್ಣು ಮಾಯುವಷ್ಟು ಕಾಲ ರಕ್ತ ಕೊಟ್ಟು ಕಾಲು ಉಳಿಸಿದ್ದು ಲಾಭವೇ.

ಚಕ್ಕಳಮಕ್ಕಳದ ಪ್ರಶ್ನೆ ನನ್ನ ರೂಮಿನಲ್ಲಿ ಎಲ್ಲರೂ ಕೇಳುತ್ತಾರೆ. ಪಾಶ್ಚಾತ್ಯರ ಪುಸ್ತಕದಲ್ಲಿ ಇದಕ್ಕೆ ಉತ್ತರ ಇರುವುದಿಲ್ಲ. ಹೊರಗಿನ ಆ ಉಂಗುರಗಳು ಇರುವುದೇ ಮೊಣಕಾಲು ಬಗ್ಗಿಸಿದಾಗ ಟ್ಯೂಬ್ ಚಪ್ಪಟೆ ಆಗದಿರಲಿ ಅಂತ. ಮೆಟ್ಟಿಲು ಹತ್ತಿದರೆ, ಕುರ್ಚಿಯಲ್ಲಿ ಕೂತರೆ ಏನೂ ಆಗುವುದಿಲ್ಲ. ಆದರೆ ಮೊಣಕಾಲು ಪೂರ್ತಿ ಮಡಚಿ ತುಂಬಾ ಹೊತ್ತು ಕೂರುವುದು, ಇಂಡಿಯನ್ ಟಾಯ್ಲೆಟ್ಟಿನಲ್ಲಿ ಕುಕ್ಕರಗಾಲಿನಲ್ಲಿ ಕೂರುವುದು ಬೇಡ ಅಂತಲೇ ನಾವು ಹೇಳುವುದು. ಒಮ್ಮೆ ಒಬ್ಬ ಯಜಮಾನರಿಗೆ ಮೊಣಕಾಲು ನಿಧಾನವಾಗಿ ಮಡಚಿಸುತ್ತಾ ಪ್ರೋಬ್ ಇಟ್ಟು ಸದ್ದು ಕೇಳಿಸಿದೆ. ಪೂರ್ತಿ ಮಡಚುವ ಹೊತ್ತಿಗೆ ಸದ್ದು ಸಣ್ಣಗಾಗುತ್ತಾ ಬಂತು. "ಕುರ್ಚಿ ತರಿಸ್ತೀನಿ ಬಿಡಮ್ಮ" ಅಂದರು. ಅಪ್ಪನಿಗೂ ಮುಂದಿನ ಸಲ ಹಾಗೇ ಕೇಳಿಸಲು ಹೇಳಿ, ನಿಮ್ಮ ಮಾತಿಗಿಂತ ಅದನ್ನು ಬೇಗ ನಂಬುತ್ತಾರೆ.

ಬೀಡಿ ವಿಷಯದಲ್ಲಿ ರಿಯಾಯಿತಿ ಇಲ್ಲ. ಬೈಪಾಸ್ ಆದ ಮೇಲೂ ಸೇದುವವರಲ್ಲಿ ಗ್ರಾಫ್ಟ್ ಮುಚ್ಚುವುದು ಸುಮಾರು ಮೂರು ಪಟ್ಟು ಜಾಸ್ತಿ. ಎರಡೇ ಬೀಡಿ ಅನ್ನುವವರು ನಮ್ಮಲ್ಲಿಗೂ ಬರುತ್ತಾರೆ, ರೂಮಿನ ಬಾಗಿಲು ತೆಗೆದ ಕೂಡಲೇ ವಾಸನೆಯೇ ಎಣಿಕೆ ಹೇಳುತ್ತದೆ.

ಇನ್ನೊಂದು, ನೀವು ಕೇಳದೆ ಇದ್ದದ್ದು. ವಾಂತಿ ಭೇದಿ ಆಗಿ ನೀರು ಕಳೆದುಕೊಂಡರೆ ಬಿಪಿ ಇಳಿಯುತ್ತದೆ, ರಕ್ತ ಗಟ್ಟಿಯಾಗುತ್ತದೆ, ಗ್ರಾಫ್ಟಿನ ವೇಗ ಕುಸಿಯುತ್ತದೆ. ಟ್ಯೂಬ್ ಮುಚ್ಚಲು ಅದೇ ಸಾಕು. ಬೇಸಿಗೆಯಲ್ಲಿ ಅಂಥದ್ದಾದರೆ ಮನೆಯಲ್ಲಿ ಕಾಯಬೇಡಿ. ರಕ್ತ ತೆಳು ಮಾಡುವ ಮಾತ್ರೆಯನ್ನು ಹಲ್ಲು ಕೀಳಿಸಲು ಅಂತ ನೀವೇ ನಿಲ್ಲಿಸಬೇಡಿ, ಸರ್ಜನ್ ಕೇಳಿ. ಇದ್ದಕ್ಕಿದ್ದ ಹಾಗೆ ಪಾದ ತಣ್ಣಗಾಗಿ, ಬೆಳ್ಳಗಾಗಿ, ಜೋಮು ಹಿಡಿದು ನೋವು ಬಂದರೆ ಬೆಳಗಾಗಲಿ ಅಂತ ನೋಡಬೇಡಿ. ಕಾಲು ಉಳಿಸಲು ಸಿಗುವುದು ಗಂಟೆಗಳ ಲೆಕ್ಕ. ರಾತ್ರಿಯೇ ಹುಬ್ಬಳ್ಳಿಗೆ ಹೊರಡಿ.

ಮುಂದಿನ ಡಾಪ್ಲರನ್ನು ಆದಷ್ಟೂ ಅದೇ ಲ್ಯಾಬಿನಲ್ಲಿ ಮಾಡಿಸಿ, ಈ ರಿಪೋರ್ಟ್ ಕೈಯಲ್ಲಿ ಹಿಡಿದೇ ಹೋಗಿ. ಯಾವಾಗ ಬರಬೇಕು ಅಂತ ಸರ್ಜನ್ ಹತ್ತಿರ ಕೇಳಿ, 2.9 ಅನ್ನುವ ರೇಷಿಯೋ ತೋರಿಸಿಯೇ ಕೇಳಿ. ಮಧ್ಯದ ವೇಗ, ಜಾಯಿಂಟಿನ ವೇಗ, ಜಾಯಿಂಟಿನ ಕೆಳಗಿನ ನಾಳದ ಅಡ್ಡಳತೆ, ಈ ಮೂರನ್ನೂ ಬರೆಸಿಕೊಳ್ಳಿ. ಅಡ್ಡಳತೆ ಬರೆಯುವುದನ್ನು ಎಷ್ಟೋ ಕಡೆ ಬಿಟ್ಟುಬಿಡುತ್ತಾರೆ. ಅದಿಲ್ಲದೆ 180 ನಾಳದ ಸೈಜಿನಿಂದ ಬಂದದ್ದೋ, ಹೊಸದಾಗಿ ದಪ್ಪವಾದ ಗೋಡೆಯಿಂದ ಬಂದದ್ದೋ ಅಂತ ಯಾರಿಗೂ ಹೇಳೋಕೆ ಆಗುವುದಿಲ್ಲ.